ಬಿರುಗಾಳಿಯ ಎಚ್ಚರಿಕೆಯಲ್ಲಿ ಊಟದ ಮಾತೂ ಇರಲಿ: ಒಂದು ಬಹಿರಂಗ ಪತ್ರ

ಗೆ,
ವಿಪತ್ತು ನಿರ್ವಹಣೆಯ ಹೊಣೆ ಹೊತ್ತ ಅಧಿಕಾರಿಗಳು
ಹಾಗೂ ಮನೆಮನೆಗೆ ವಿದ್ಯುತ್ ಪೂರೈಸುವ ಸಂಸ್ಥೆಗಳ ಮುಖ್ಯಸ್ಥರು

ವಿಷಯ: ಬಿರುಗಾಳಿಯಿಂದ ಕರೆಂಟ್ ಹೋದಾಗ ಮನೆಗಳಲ್ಲಿ ಊಟಕ್ಕೆ ಆಗುವ ತೊಂದರೆ ಮತ್ತು ಅದಕ್ಕೆ ಮುಂಚೆಯೇ ಮಾಡಬೇಕಾದ ಸಿದ್ಧತೆ

ಮಾನ್ಯರೇ,

ಬಿರುಗಾಳಿ ಬರುವ ಮುಂಚೆ ನೀವು ಕಳಿಸುವ ಎಚ್ಚರಿಕೆಗಳನ್ನು ನಾನು ಗಮನವಿಟ್ಟು ಓದುತ್ತೇನೆ. ಗಾಳಿ ಎಷ್ಟು ಜೋರಾಗಿ ಬೀಸುತ್ತದೆ, ಮಳೆ ಎಷ್ಟು ಬೀಳಬಹುದು, ಯಾವ ಹೊತ್ತಿನಲ್ಲಿ ಮನೆಯಿಂದ ಹೊರಗೆ ಹೋಗಬಾರದು, ತುಂಡಾದ ತಂತಿಯ ಹತ್ತಿರ ಯಾಕೆ ಸುಳಿಯಬಾರದು, ಎಲ್ಲವೂ ಅದರಲ್ಲಿ ಇರುತ್ತದೆ. ಅದಕ್ಕಾಗಿ ನಿಮಗೆ ಮನಸಾರೆ ಧನ್ಯವಾದ ಹೇಳುತ್ತೇನೆ. ಈ ಎಚ್ಚರಿಕೆಗಳಿಂದ ಜೀವಗಳು ಉಳಿದಿವೆ.

ಆದರೆ ಊಟದ ವಿಷಯಕ್ಕೆ ಬಂದರೆ ಅದರಲ್ಲಿ ಇರುವುದು ಒಂದೇ ಸಾಲು. ಸಾಕಷ್ಟು ಆಹಾರ ಮತ್ತು ನೀರು ಇಟ್ಟುಕೊಳ್ಳಿ, ಅಷ್ಟೇ. ಸಾಕಷ್ಟು ಅಂದರೆ ಎಷ್ಟು? ಎಂಥ ಆಹಾರ? ಒಲೆಯೇ ಹತ್ತದಿದ್ದರೆ ಅದನ್ನು ತಿನ್ನುವುದು ಹೇಗೆ? ಫ್ರಿಜ್‌ನಲ್ಲಿ ಇದ್ದದ್ದನ್ನು ಎಷ್ಟು ಹೊತ್ತು ನಂಬಬಹುದು? ಇದಕ್ಕೆ ಉತ್ತರ ಸಿಗದೆ ಜನ ತಮಗೆ ತೋಚಿದ್ದನ್ನು ಮಾಡುತ್ತಾರೆ. ಅದರ ಫಲ ಏನು ಅನ್ನುವುದನ್ನು ಕಣ್ಣಾರೆ ನೋಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಹಿಂದಿನ ಬಿರುಗಾಳಿ ಕಳೆದ ಮೇಲೆ ನಾವು ಕೆಲವು ನೆರೆಹೊರೆಯವರು ಸೇರಿ ಮನೆಮನೆಗೆ ಹೋಗಿ ವಿಚಾರಿಸಿದೆವು. ಕರೆಂಟ್ ಇನ್ನೂ ಬಂದಿರಲಿಲ್ಲ. ಪುಣ್ಯಕ್ಕೆ ಯಾರಿಗೂ ದೊಡ್ಡ ಗಾಯ ಆಗಿರಲಿಲ್ಲ. ಆದರೆ ಊಟದ ಪರಿಸ್ಥಿತಿ ನೋಡಿ ತುಂಬಾ ಸಂಕಟವಾಯಿತು. ಒಂಟಿಯಾಗಿರುವ ಒಬ್ಬ ಅಜ್ಜಿಯ ಮನೆಯಲ್ಲಿ ಧಾನ್ಯ, ಕಾಳು, ಹಿಟ್ಟು ಎಲ್ಲವೂ ಡಬ್ಬಿ ತುಂಬಾ ಇತ್ತು. ಎಚ್ಚರಿಕೆ ಓದಿಯೇ ತರಿಸಿಟ್ಟಿದ್ದರು. ಆದರೆ ಅವರ ಒಲೆ ಕರೆಂಟಿನದು. ಇದ್ದ ಧಾನ್ಯದಲ್ಲಿ ಒಂದು ಹಿಡಿಯನ್ನೂ ಬೇಯಿಸುವ ಹಾಗಿರಲಿಲ್ಲ. ಬಿಸ್ಕತ್ತನ್ನು ನೀರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು. ನೀವು ಹೇಳಿದ್ದನ್ನು ಅವರು ಚಾಚೂ ತಪ್ಪದೆ ಮಾಡಿದ್ದರು. ಆದರೂ ಹಸಿದಿದ್ದರು.

ಇನ್ನೊಂದು ಮನೆಗೆ ಪರಿಹಾರದ ಚೀಲ ತಲುಪಿತ್ತು. ಅದರಲ್ಲಿ ಇದ್ದದ್ದು ಬೇಯಿಸದ ಧಾನ್ಯ, ಎಣ್ಣೆ ಮತ್ತು ಮುಚ್ಚಿದ ತಗಡಿನ ಡಬ್ಬಿಗಳು. ಒಲೆ ಇಲ್ಲದ ಮನೆಗೆ ಬೇಯಿಸುವ ಸಾಮಾನು. ಡಬ್ಬಿ ತೆಗೆಯಲು ಓಪನರ್ ಇಲ್ಲ. ಆ ಮನೆಯ ಹುಡುಗ ಚಾಕು ಹಾಕಿ ಡಬ್ಬಿ ತೆಗೆಯಲು ಹೋಗಿ ಕೈ ಕೊಯ್ದುಕೊಂಡಿದ್ದ. ಮತ್ತೊಂದು ಕಡೆ ತಿಂಗಳ ಕೂಸಿಗೆ ಪುಡಿ ಹಾಲು ಕಲಸಲು ಬಿಸಿನೀರು ಇರಲಿಲ್ಲ. ನಲ್ಲಿಯ ನೀರೂ ನಿಂತಿತ್ತು. ಈಗ ಕೂಸಿಗೆ ಏನು ಕುಡಿಸಲಿ ಅಂತ ಆ ತಾಯಿ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಉತ್ತರ ಹುಡುಕುವುದಕ್ಕೆ ಫೋನ್ ಕೂಡ ಇರುವುದಿಲ್ಲ, ಅಲ್ವಾ? ಚಾರ್ಜ್ ಮುಗಿದಿರುತ್ತದೆ.

ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದು ಮನೆ. ಅಡುಗೆಗೆ ಅಂತ ಇದ್ದಿಲಿನ ಒಲೆಯನ್ನು ಒಳಗೇ ಹೊತ್ತಿಸಿದ್ದರು. ಮಳೆಯ ಎರಚಲು ಒಳಗೆ ಬರಬಾರದು ಅಂತ ಕಿಟಕಿ ಮುಚ್ಚಿದ್ದರು. ಮನೆಯವರಿಗೆಲ್ಲ ತಲೆನೋವು, ವಾಕರಿಕೆ. ಸರಿಯಾಗಿ ಊಟ ಇಲ್ಲದೆ ಹೀಗಾಗಿದೆ ಅಂದುಕೊಂಡಿದ್ದರು. ಅದು ಕಾರ್ಬನ್ ಮಾನಾಕ್ಸೈಡ್. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹಿಡಿದುಕೊಳ್ಳುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಮತ್ತೆ ಏಳದೇ ಹೋಗಬಹುದು. ನಾವು ಬಾಗಿಲು ಕಿಟಕಿ ತೆಗೆದು ಅವರನ್ನು ಹೊರಗೆ ಕರೆದುಕೊಂಡು ಬಂದೆವು. ಚಿಕಿತ್ಸೆಗೂ ಕಳಿಸಿದೆವು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿಯಿಂದ ಕರೆಂಟ್ ಹೋದಾಗ ಹಲವರು ಸತ್ತದ್ದು ಇದೇ ಅನಿಲದಿಂದ. ಚಳಿಗೂ ಅಡುಗೆಗೂ ಬೆಂಕಿಯನ್ನು ಮನೆಯೊಳಗೆ ತಂದದ್ದೇ ಅಲ್ಲಿ ಮುಳುವಾಯಿತು. ಹೀಗಿರುವಾಗ ನಿಮ್ಮ ಎಚ್ಚರಿಕೆಯಲ್ಲಿ ಇದರ ಬಗ್ಗೆ ಒಂದು ಮಾತೂ ಯಾಕಿಲ್ಲ?

ಈಗ ವಿದ್ಯುತ್ ಸಂಸ್ಥೆಯವರಿಗೆ ನನ್ನ ಮುಖ್ಯವಾದ ದೂರು ಹೇಳುತ್ತೇನೆ. ದಯವಿಟ್ಟು ಸಮಾಧಾನದಿಂದ ಓದಿ.

ಬಿರುಗಾಳಿಗೆ ಕಂಬ ಬೀಳುವುದು ನಿಮ್ಮ ತಪ್ಪಲ್ಲ. ಮಳೆಯಲ್ಲಿ ನೆನೆಯುತ್ತಾ ಕಂಬ ಹತ್ತುವ ಲೈನ್‌ಮನ್‌ಗಳ ಬಗ್ಗೆ ನನಗೆ ಅಪಾರ ಗೌರವವಿದೆ. ನನ್ನ ದೂರು ಇರುವುದು ನೀವು ಕೊಡುವ ಸಮಯದ ಬಗ್ಗೆ. ಕರೆಂಟ್ ಯಾವಾಗ ಬರುತ್ತದೆ ಎಂದು ಕೇಳಿದರೆ ಇನ್ನೆರಡು ಗಂಟೆಯಲ್ಲಿ ಅನ್ನುತ್ತೀರಿ. ಎರಡು ಗಂಟೆ ಕಳೆದ ಮೇಲೆ ಕೇಳಿದರೆ ಮತ್ತೆ ಅದೇ ಉತ್ತರ. ಸಂಜೆಗೆ, ರಾತ್ರಿಗೆ, ಬೆಳಗ್ಗೆಗೆ ಅಂತ ಮುಂದೆ ಹೋಗುತ್ತಲೇ ಇರುತ್ತದೆ. ಜನರಿಗೆ ಧೈರ್ಯ ತುಂಬಲು ಹಾಗೆ ಹೇಳುತ್ತೀರೇನೋ. ಆದರೆ ಅಡುಗೆಮನೆಯಲ್ಲಿ ಆ ಸಮಯವೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಯಾಕೆ ಅಂತ ನೋಡಿ. ಬಾಗಿಲು ತೆಗೆಯದೆ ಬಿಟ್ಟ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಫ್ರೀಜರ್ ಆದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ ಸುಮಾರು 24 ಗಂಟೆ. ಒಳಗಿನ ತಣ್ಣಗಿನ ಸಾಮಾನುಗಳು ಒಂದಕ್ಕೊಂದು ತಂಪು ಕೊಡುವುದರಿಂದ ತುಂಬಿದ್ದು ಜಾಸ್ತಿ ಹೊತ್ತು ಬಾಳುತ್ತದೆ. ಈಗ ನೀವು 10 ಗಂಟೆ ಬೇಕಾಗುತ್ತದೆ ಅಂತ ಮೊದಲೇ ನಿಜ ಹೇಳಿದರೆ ಜನ ಏನು ಮಾಡುತ್ತಾರೆ? ಬೇಗ ಕೆಡುವುದನ್ನು ಆ 4 ಗಂಟೆಯೊಳಗೇ ತಿಂದು ಮುಗಿಸುತ್ತಾರೆ, ಪಕ್ಕದ ಮನೆಗೂ ಕೊಡುತ್ತಾರೆ. ಎರಡು ದಿನ ಆಗಬಹುದು ಅಂದರೆ ಫ್ರೀಜರ್‌ನಲ್ಲಿದ್ದದ್ದನ್ನು ಒಂದೊಂದಾಗಿ ಬಳಸುವ ಯೋಜನೆ ಮಾಡುತ್ತಾರೆ. ಇನ್ನೆರಡು ಗಂಟೆ ಅಂತ ಹೇಳುತ್ತಲೇ ಹೋದರೆ ಬಾಗಿಲು ಮುಚ್ಚಿಕೊಂಡು ಕಾಯುತ್ತಾರೆ. ಅಷ್ಟರಲ್ಲಿ ಎಲ್ಲ ಹಾಳಾಗಿರುತ್ತದೆ. ಆಮೇಲೆ ಎರಡೇ ದಾರಿ. ಇದ್ದದ್ದನ್ನೆಲ್ಲ ಎಸೆಯಬೇಕು, ಇಲ್ಲವೇ ಧೈರ್ಯ ಮಾಡಿ ತಿನ್ನಬೇಕು. ಕೈಯಲ್ಲಿ ಹಣ ಕಡಿಮೆ ಇರುವ ಮನೆಯವರು ಎಸೆಯುವುದಿಲ್ಲ, ತಿನ್ನುತ್ತಾರೆ. ನಾವು ಹೋದ ಕೆಲವು ಮನೆಗಳಲ್ಲಿ ಹಾಗೇ ಆಗಿತ್ತು. ಹೊಟ್ಟೆ ಕೆಟ್ಟು ಮಲಗಿದ್ದರು.

ಇದು ಬರೀ ನಮ್ಮ ಬೀದಿಯ ಕಥೆ ಅಂದುಕೊಳ್ಳಬೇಡಿ. 2003ರ ಆಗಸ್ಟ್‌ನಲ್ಲಿ ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರಿಗೆ ಒಮ್ಮೆಲೇ ಕರೆಂಟ್ ಹೋಯಿತು. ಅದಕ್ಕೆ ಬಿರುಗಾಳಿ ಕಾರಣವಲ್ಲ, ಆದರೆ ಫ್ರಿಜ್‌ಗೆ ಕಾರಣ ಯಾವುದಾದರೇನು? ನ್ಯೂಯಾರ್ಕ್ ನಗರದಲ್ಲಿ ಆಮೇಲೆ ಭೇದಿ ಜಾಸ್ತಿಯಾಯಿತು. ವಿಚಾರಣೆ ಮಾಡಿದಾಗ ಕರೆಂಟ್ ಹೋದ ಮೇಲೆ ಮಾಂಸ ಮತ್ತು ಮೀನಿನಂಥ ಆಹಾರ ತಿಂದದ್ದಕ್ಕೂ ಇದಕ್ಕೂ ಸಂಬಂಧ ಇರುವುದು ಕಂಡುಬಂತು.

ನಮ್ಮ ಜನರಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. ಚೆನ್ನಾಗಿ ಕುದಿಸಿದರೆ ಯಾವುದೂ ಏನೂ ಮಾಡುವುದಿಲ್ಲ ಅನ್ನುವುದು. ಇದನ್ನು ತಿದ್ದುವ ಕೆಲಸ ನಿಮ್ಮದು. ಸ್ಟ್ಯಾಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಆಹಾರದಲ್ಲಿ ಬೆಳೆದಾಗ ಒಂದು ವಿಷ ಬಿಡುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಆ ವಿಷ ಹಾಗೇ ಉಳಿಯುತ್ತದೆ. ಬೆಂದ ಅಕ್ಕಿಯಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಕೂಡ ವಾಂತಿ ತರುವ ಇಂಥದ್ದೇ ಒಂದು ವಿಷ ಬಿಡುತ್ತದೆ. ಮೂಸಿ ನೋಡಿ ತಿಳಿಯುವುದೂ ಆಗುವುದಿಲ್ಲ. ಕಾಯಿಲೆ ತರುವ ಆಹಾರಕ್ಕೆ ಕೆಟ್ಟ ವಾಸನೆ ಬರಲೇಬೇಕು ಅಂತ ಇಲ್ಲ. ನಾಲಿಗೆಗೆ ಹಚ್ಚಿ ನೋಡುವುದಂತೂ ಮಾಡಲೇಬಾರದು. 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಅನುಕೂಲ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಆದ್ದರಿಂದ ಮಾಂಸ, ಮೀನು, ಹಾಲು, ಮಾಡಿಟ್ಟ ಅಡುಗೆ, ಹೆಚ್ಚಿದ ಹಣ್ಣು, ಇವು 4 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ 2 ಗಂಟೆಗಿಂತ ಹೆಚ್ಚು ಇದ್ದರೆ ಬಿಸಾಡಬೇಕು. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಮಿತಿ. ಹಾಗಂತ ಎಲ್ಲವನ್ನೂ ಎಸೆಯಬೇಕಿಲ್ಲ. ಇಡೀ ಹಣ್ಣು, ಹೆಚ್ಚದ ತರಕಾರಿ, ಬ್ರೆಡ್, ಜಾಮ್, ಗಟ್ಟಿ ಚೀಸ್, ಬೆಣ್ಣೆ ಇವೆಲ್ಲ ಉಳಿಯುತ್ತವೆ. ಫ್ರೀಜರ್‌ನಲ್ಲಿದ್ದ ಸಾಮಾನಿನಲ್ಲಿ ಇನ್ನೂ ಐಸ್ ಹರಳುಗಳು ಕಾಣುತ್ತಿದ್ದರೆ ಅದನ್ನು ಮತ್ತೆ ಫ್ರೀಜ್ ಮಾಡಬಹುದು. ರುಚಿ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ಇದನ್ನು ತಿಳಿಯದೆ ಒಳ್ಳೆಯ ಆಹಾರವನ್ನು ರಾಶಿ ರಾಶಿ ಎಸೆದವರನ್ನೂ ನೋಡಿದ್ದೇವೆ.

ಹಾಗಾಗಿ ವಿದ್ಯುತ್ ಸಂಸ್ಥೆಯವರಲ್ಲಿ ನನ್ನ ಕೋರಿಕೆ ಇಷ್ಟು. ಸಮಯ ಹೇಳುವಾಗ 4 ಗಂಟೆಯೊಳಗೆ, ಒಂದು ದಿನದೊಳಗೆ, ಎರಡು ದಿನದೊಳಗೆ, ಅದಕ್ಕಿಂತ ಜಾಸ್ತಿ ಅಂತ ವಿಂಗಡಿಸಿ ಹೇಳಿ. ನಿಖರವಾದ ಗಂಟೆ ನಮಗೆ ಬೇಡ. ಇನ್ನೂ ಪರಿಶೀಲನೆ ಮುಗಿದಿಲ್ಲ ಅಂದರೆ ಹಾಗೆಂದೇ ಹೇಳಿ, ತಡವಾಗಬಹುದು ಅಂತ ಸೇರಿಸಿ. ಸುಮ್ನೆ ಸಮಾಧಾನಕ್ಕೆ ಹೇಳುವ ಸಮಯಕ್ಕಿಂತ ಕಹಿಯಾದ ನಿಜ ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕರೆಂಟ್ ಯಾವ ಹೊತ್ತಿಗೆ ಹೋಯಿತು ಅನ್ನುವುದನ್ನೂ ಸಂದೇಶದಲ್ಲಿ ತಿಳಿಸಿ. ರಾತ್ರಿ ಮಲಗಿದ್ದಾಗ ಹೋಗಿದ್ದರೆ ಬೆಳಗ್ಗೆ ಎದ್ದವರಿಗೆ ಫ್ರಿಜ್ ಎಷ್ಟು ಹೊತ್ತಿನಿಂದ ನಿಂತಿದೆ ಅಂತ ಗೊತ್ತಾಗುವುದಿಲ್ಲ. ನಿಮ್ಮ ಹತ್ತಿರ ಆ ದಾಖಲೆ ಇದ್ದೇ ಇರುತ್ತದೆ.

ವಿಪತ್ತು ನಿರ್ವಹಣೆಯ ಅಧಿಕಾರಿಗಳೇ, ಮುಂದಿನ ಮಾತು ನಿಮಗೆ. ಆ ಒಂದು ಸಾಲಿನ ಜಾಗದಲ್ಲಿ ಜನರಿಗೆ ಅರ್ಥವಾಗುವ ಒಂದು ಪುಟ ಬರೆಯಿರಿ. ಅದರಲ್ಲಿ ಏನಿರಬೇಕು ಅನ್ನುವುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ಮೊದಲು ನೀರು. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ನಲ್ಲಿ ನಿಲ್ಲುತ್ತದೆ. ಇದನ್ನು ಜನ ಮರೆತೇಬಿಡುತ್ತಾರೆ. ಕುಡಿಯಲು ಮತ್ತು ಅಡುಗೆಯಂಥ ಅಗತ್ಯಕ್ಕೆ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಬೇಕು. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ 48 ಲೀಟರ್ ಆಯಿತು. ಸಾಕಷ್ಟು ನೀರು ಅನ್ನುವ ಬದಲು ಹೀಗೆ ಲೆಕ್ಕ ಹಾಕಿ ಹೇಳಿದರೆ ಬಿಂದಿಗೆ, ಕ್ಯಾನ್, ಬಾಟಲಿ ಎಷ್ಟು ತುಂಬಿಡಬೇಕು ಅಂತ ತಾನೇ ತಿಳಿಯುತ್ತದೆ. ಒಂದಷ್ಟು ನೀರಿನ ಬಾಟಲಿಗಳನ್ನು ಮೇಲೆ ಸ್ವಲ್ಪ ಜಾಗ ಬಿಟ್ಟು ಫ್ರೀಜರ್‌ನಲ್ಲಿ ಇಡಲು ಹೇಳಿ. ಖಾಲಿ ಜಾಗ ತುಂಬಿ ಫ್ರೀಜರ್ ಜಾಸ್ತಿ ಹೊತ್ತು ತಂಪಾಗಿರುತ್ತದೆ. ಕರಗಿದ ಮೇಲೆ ಅದೇ ಕುಡಿಯುವ ನೀರು.

ಆಮೇಲೆ ಊಟ. ಇಲ್ಲಿ ಕೇಳಬೇಕಾದ ಪ್ರಶ್ನೆ ತುಂಬಾ ಸರಳ. ಬೆಂಕಿ ಇಲ್ಲದೆ, ಕರೆಂಟ್ ಇಲ್ಲದೆ, ಕಡಿಮೆ ನೀರಿನಲ್ಲಿ, ಕತ್ತಲಲ್ಲಿ ಇದನ್ನು ತಿನ್ನಲು ಆಗುತ್ತದಾ? ಆಗುತ್ತದೆ ಅಂದರೆ ಅದು ಬಿರುಗಾಳಿಯ ಊಟ. ಮೂಟೆಗಟ್ಟಲೆ ಇದ್ದರೂ ಬೇಯಿಸದ ಧಾನ್ಯ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಕಡಲೆಬೀಜ, ಬಾದಾಮಿಯಂಥ ಬೀಜಗಳು, ಒಣದ್ರಾಕ್ಷಿಯಂಥ ಒಣಹಣ್ಣು, ಬಿಸ್ಕತ್ತು, ಬ್ರೆಡ್, ಬೇಯಿಸಿ ಡಬ್ಬಿಯಲ್ಲಿ ಮುಚ್ಚಿದ ಕಾಳು, ಮೀನು, ತರಕಾರಿ, ಹಾಲಿನ ಪುಡಿ, ತಣ್ಣೀರಿನಲ್ಲೂ ನೆನೆಯುವ ಓಟ್ಸ್, ಇಡೀ ಹಣ್ಣುಗಳು, ಇವೆಲ್ಲ ನಿಲ್ಲುತ್ತವೆ. ಇದು ಹೊಟ್ಟೆ ತುಂಬಿಸುವ ಊಟವೇ. 100 ಗ್ರಾಂ ಕಡಲೆಬೀಜದಲ್ಲಿ 550 ಕ್ಯಾಲೊರಿಗೂ ಜಾಸ್ತಿ ಶಕ್ತಿ ಇದೆ, ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಆದರೆ ಉಪ್ಪು ಜಾಸ್ತಿ ಇರುವ ತಿಂಡಿಗಳನ್ನೇ ತುಂಬಿಸಿಕೊಂಡರೆ ಬಾಯಾರಿಕೆ ಜಾಸ್ತಿಯಾಗಿ ಇದ್ದ ನೀರು ಬೇಗ ಖಾಲಿಯಾಗುತ್ತದೆ.

ಅಳತೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಇದನ್ನು ಯಾರೂ ಹೇಳುವುದಿಲ್ಲ, ಆದರೆ ನನ್ನ ಪ್ರಕಾರ ಇದು ತುಂಬಾ ಮುಖ್ಯ. ದೊಡ್ಡ ಡಬ್ಬಿ, ದೊಡ್ಡ ಪ್ಯಾಕೆಟ್ ತಂದರೆ ಲಾಭ ಅಂತ ಎಲ್ಲರೂ ಯೋಚಿಸುತ್ತಾರೆ. ಫ್ರಿಜ್ ಇರುವ ದಿನಗಳಿಗೆ ಅದು ಸರಿ. ಫ್ರಿಜ್ ನಿಂತಾಗ ತೆಗೆದ ಡಬ್ಬಿ ಕೂಡ ಮಾಡಿಟ್ಟ ಅಡುಗೆಯಷ್ಟೇ ಬೇಗ ಕೆಡುತ್ತದೆ. ಆದ್ದರಿಂದ ಮನೆಯವರು ಒಂದು ಹೊತ್ತಿಗೆ ತಿಂದು ಮುಗಿಸುವಷ್ಟೇ ಇರುವ ಚಿಕ್ಕ ಡಬ್ಬಿ, ಚಿಕ್ಕ ಪ್ಯಾಕೆಟ್ ಒಳ್ಳೆಯದು. ಹಾಲಿನ ಪುಡಿಯನ್ನೂ ಕುಡಿಯುವಾಗಲೇ ಬೇಕಾದಷ್ಟು ಮಾತ್ರ ಕಲಸಿಕೊಳ್ಳಬೇಕು. ಕೈಯಲ್ಲಿ ತಿರುಗಿಸುವ ಡಬ್ಬಿ ಓಪನರ್ ಮನೆಯಲ್ಲಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ ಎಂದು ಬರೆಯಿರಿ. ಡಬ್ಬಿ ಉಬ್ಬಿದ್ದರೆ, ಸೋರುತ್ತಿದ್ದರೆ, ಅಂಚಿನಲ್ಲಿ ಜಜ್ಜಿಹೋಗಿದ್ದರೆ ಅದನ್ನು ತೆರೆಯದೆ ಬಿಸಾಡಲು ಹೇಳಿ. ಉಬ್ಬಿದ ಡಬ್ಬಿಯೊಳಗೆ ಬಾಟುಲಿಸಂ ಅನ್ನುವ, ಜೀವಕ್ಕೇ ಅಪಾಯವಾದ ಕಾಯಿಲೆ ತರುವ ವಿಷ ಇರಬಹುದು. ನೆರೆಯ ನೀರು ತಾಗಿದ ಆಹಾರದ್ದೂ ಅಷ್ಟೇ. ಗಟ್ಟಿಯಾಗಿ ಮುಚ್ಚಿದ, ಪೆಟ್ಟು ಬೀಳದ ತಗಡಿನ ಡಬ್ಬಿಯನ್ನು ತೊಳೆದು ಬ್ಲೀಚ್ ಬೆರೆಸಿದ ನೀರಿನಿಂದ ಶುದ್ಧ ಮಾಡಿ ಬಳಸಬಹುದು. ಕಾಗದ, ಬಟ್ಟೆ, ರಟ್ಟಿನಲ್ಲಿ ಇದ್ದದ್ದನ್ನು ಇಟ್ಟುಕೊಳ್ಳಬಾರದು.

ಬಿರುಗಾಳಿ ಬರುವ ದಿನ ಏನು ಮಾಡಬೇಕು ಅನ್ನುವುದನ್ನೂ ಬರೆಯಿರಿ. ಕರೆಂಟ್ ಇರುವಾಗಲೇ ನೀರು ಕುದಿಸಿ ಫ್ಲಾಸ್ಕ್‌ಗಳಿಗೆ ತುಂಬಿಸಿದರೆ ಮುಂದಿನ ಕೆಲವು ಗಂಟೆ ಬಿಸಿ ಪಾನೀಯಕ್ಕೂ ಓಟ್ಸ್‌ಗೂ ಆಗುತ್ತದೆ. ಫ್ರಿಜ್ ಮತ್ತು ಫ್ರೀಜರನ್ನು ಹೆಚ್ಚು ತಂಪಿಗೆ ತಿರುಗಿಸಿ ಇಡಬೇಕು. ಫ್ರೀಜರ್‌ನೊಳಗಿನ ಸಾಮಾನನ್ನು ಒತ್ತೊತ್ತಾಗಿ ಜೋಡಿಸಬೇಕು. ಯಾವುದು ಎಲ್ಲಿದೆ ಅಂತ ಒಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿದರೆ ಹುಡುಕುತ್ತಾ ಬಾಗಿಲು ತೆಗೆದುಕೊಂಡು ನಿಲ್ಲುವುದು ತಪ್ಪುತ್ತದೆ. ಒಂದು ಲೋಟ ನೀರನ್ನು ಐಸ್ ಮಾಡಿ, ಅದರ ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಲು ಹೇಳಿ. ನಾಣ್ಯ ತಳಕ್ಕೆ ಇಳಿದಿದ್ದರೆ ಒಳಗಿದ್ದದ್ದು ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಮನೆ ಬಿಟ್ಟು ಹೋಗಿ ಬಂದವರಿಗೆ ಇದು ತುಂಬಾ ಸಹಾಯ ಮಾಡುತ್ತದೆ. ಚಿಕ್ಕ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಸ್ವಲ್ಪ ನಗದು ಇರಲಿ, ಕರೆಂಟ್ ಮತ್ತು ನೆಟ್‌ವರ್ಕ್ ಇಲ್ಲದಾಗ ಅಂಗಡಿಯಲ್ಲಿ ಫೋನ್‌ನಿಂದ ಹಣ ಕೊಡಲು ಆಗುವುದಿಲ್ಲ.

ತಿನ್ನುವ ಸರದಿ ಕೂಡ ಇದೆ. ಮೊದಲು ಫ್ರಿಜ್‌ನಲ್ಲಿದ್ದದ್ದು, ಆಮೇಲೆ ಫ್ರೀಜರ್‌ನಲ್ಲಿದ್ದದ್ದು, ಒಣ ಸಾಮಾನು ಮತ್ತು ಡಬ್ಬಿಗಳು ಕೊನೆಗೆ. ಗಾಬರಿಯಲ್ಲಿ ಜನ ಇದಕ್ಕೆ ಉಲ್ಟಾ ಮಾಡುತ್ತಾರೆ. ಬಿಸ್ಕತ್ತು ಮೊದಲ ರಾತ್ರಿಯೇ ಖಾಲಿ, ಹಾಲು ಫ್ರಿಜ್‌ನಲ್ಲೇ ಹಾಳು.

ಗ್ಯಾಸ್ ಒಲೆ ಇರುವವರಿಗೆ ಇಷ್ಟು ಕಷ್ಟ ಇಲ್ಲ, ನಿಜ. ಆದರೆ ಇದ್ದಿಲಿನ ಒಲೆ, ಕ್ಯಾಂಪಿಂಗ್ ಸ್ಟವ್, ಜನರೇಟರ್ ಇವುಗಳನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ ಅಥವಾ ಮುಚ್ಚಿದ ಬಾಲ್ಕನಿಯಲ್ಲಿ ಬಳಸಬೇಡಿ ಅನ್ನುವ ಮಾತನ್ನು ಆ ಪುಟದಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಹಾಕಿ. ಒಂದು ಕಿಟಕಿ ತೆಗೆದಿಟ್ಟರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ. ಸಾಕಾಗುವುದಿಲ್ಲ. ಜನರೇಟರ್ ಮನೆಯಿಂದ ಕಡಿಮೆ ಅಂದರೂ 6 ಮೀಟರ್ ದೂರ ಇರಬೇಕು. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಎಲ್ಲರೂ ಹೊರಗೆ ಬರಬೇಕು. ಅಡುಗೆ ಮಾಡಲೇಬೇಕು ಅನ್ನುವ ಒತ್ತಡ ಇರುವುದರಿಂದ ಜನ ಈ ಅಪಾಯಕ್ಕೆ ಕೈ ಹಾಕುತ್ತಾರೆ. ಬೇಯಿಸದೆ ತಿನ್ನುವ ಊಟ ಮನೆಯಲ್ಲಿದ್ದರೆ ಆ ಒತ್ತಡವೇ ಇರುವುದಿಲ್ಲ.

ಕೂಸುಗಳ ವಿಷಯಕ್ಕೆ ಬೇರೆಯಾಗಿ ಜಾಗ ಕೊಡಿ. ಎದೆಹಾಲು ಕುಡಿಸುವ ತಾಯಿಗೆ ಜಾಸ್ತಿ ನೀರು ಮತ್ತು ಊಟ ಸಿಗುವಂತೆ ನೋಡಿಕೊಂಡರೆ ಕೂಸಿನ ಊಟದ ಚಿಂತೆ ಅರ್ಧ ಕಡಿಮೆಯಾಗುತ್ತದೆ. ಪುಡಿ ಹಾಲು ಕುಡಿಯುವ ಕೂಸಿಗೆ ಅದನ್ನು 70 ಡಿಗ್ರಿಗೆ ಕಡಿಮೆ ಇಲ್ಲದ ಬಿಸಿನೀರಿನಲ್ಲಿ ಕಲಸಿ, ಆರಿಸಿ ಕುಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪುಡಿಯಲ್ಲೇ ಕ್ರೋನೋಬ್ಯಾಕ್ಟರ್‌ನಂಥ ರೋಗಾಣು ಇರಬಹುದು ಅನ್ನುವುದು ಅದಕ್ಕೆ ಕಾರಣ. ಕರೆಂಟ್ ಇಲ್ಲದ ಮನೆಯಲ್ಲಿ ಆ ಬಿಸಿನೀರು ಎಲ್ಲಿಂದ ಬರಬೇಕು? ಕಲಸುವ ಅಗತ್ಯವಿಲ್ಲದೆ ನೇರವಾಗಿ ಕುಡಿಸಬಹುದಾದ ದ್ರವರೂಪದ ಫಾರ್ಮುಲಾ, ಅಂದರೆ ಕೂಸುಗಳಿಗೆಂದೇ ತಯಾರಿಸಿದ ಹಾಲು, ಇಂಥ ಹೊತ್ತಿಗೆ ಹೆಚ್ಚು ಸುರಕ್ಷಿತ. ನಿಮ್ಮ ಪರಿಹಾರ ಕೇಂದ್ರಗಳಲ್ಲಿ ಅದು ಇರಬೇಕು, ಕುದಿಸಿದ ನೀರೂ ಇರಬೇಕು. ಇನ್ಸುಲಿನ್‌ನಂಥ ಔಷಧ ಫ್ರಿಜ್‌ನಲ್ಲಿ ಇಡುವವರಿಗೂ ಇದೇ ಪುಟದಲ್ಲಿ ಎರಡು ಸಾಲು ಬೇಕು. ಅವರಿಗೆ ಊಟದ ಹೊತ್ತು ತಪ್ಪುವುದೇ ಅಪಾಯ. ಅವರ ಸಕ್ಕರೆ ಇಳಿದರೆ ಕೈಗೆ ಸಿಗುವಂತೆ ಸಿಹಿ ಏನಾದರೂ ಇರಲೇಬೇಕು.

ಪರಿಹಾರದ ಚೀಲಗಳ ಬಗ್ಗೆ ನನ್ನ ದೂರು ನೇರವಾಗಿದೆ. ಮೊದಲ ಮೂರು ದಿನ ಹಂಚುವ ಚೀಲದಲ್ಲಿ ಬೇಯಿಸಬೇಕಾದ ಯಾವುದೂ ಬೇಡ. ಕರೆಂಟ್ ಬಂದ ಮೇಲೆ ಧಾನ್ಯ ಕೊಡಿ, ಆಗ ಅದು ನಿಜವಾಗಿ ನೆರವಾಗುತ್ತದೆ. ಡಬ್ಬಿ ಕೊಟ್ಟರೆ ಕೈಯಲ್ಲೇ ಎಳೆದು ತೆಗೆಯುವ ಮುಚ್ಚಳದ್ದು ಕೊಡಿ. ಎಲ್ಲಿ ಬಿಸಿ ಊಟ ಸಿಗುತ್ತದೆ, ಎಲ್ಲಿ ಫೋನ್ ಚಾರ್ಜ್ ಮಾಡಿಕೊಳ್ಳಬಹುದು ಅನ್ನುವುದನ್ನು ಬಿರುಗಾಳಿಗೆ ಮುಂಚೆಯೇ ತಿಳಿಸಿ. ಎಲ್ಲ ಮುಗಿದ ಮೇಲೆ ಫೋನ್‌ಗೆ ಕಳಿಸಿದರೆ ಯಾರಿಗೂ ತಲುಪುವುದಿಲ್ಲ.

ದಿನಗೂಲಿಯಲ್ಲಿ ಬದುಕುವವರಿಗೆ ಮೂರು ದಿನದ ಸಾಮಾನನ್ನು ಒಂದೇ ಸಲ ಕೊಳ್ಳಲು ಆಗುವುದಿಲ್ಲ. ಅವರನ್ನು ಬಿಟ್ಟು ಮಾಡುವ ಯಾವ ಸಿದ್ಧತೆಯೂ ಸಿದ್ಧತೆಯಲ್ಲ ಅಂತ ನಾನು ನಂಬಿದ್ದೇನೆ. ಬಿರುಗಾಳಿಯ ಕಾಲ ಶುರುವಾಗುವ ಮುಂಚೆಯೇ ಅಂಥ ಮನೆಗಳಿಗೆ ಬೇಯಿಸದೆ ತಿನ್ನುವ ಊಟದ ಒಂದು ಪೊಟ್ಟಣ ತಲುಪಿಸಿ. ಉಳಿದವರಿಗೆ ವಾರಕ್ಕೊಂದು ಸಾಮಾನು ಜಾಸ್ತಿ ತಂದು ಸೇರಿಸುತ್ತಾ ಹೋಗಲು ಹೇಳಿ. ಹೊಸದು ಹಿಂದೆ, ಹಳೆಯದು ಮುಂದೆ ಇಟ್ಟು, ಹಳೆಯದನ್ನು ಮಾಮೂಲಿ ದಿನಗಳಲ್ಲೇ ತಿನ್ನುತ್ತಾ ಬಂದರೆ ಏನೂ ಹಾಳಾಗುವುದಿಲ್ಲ. ಮನೆಯವರು ಯಾರೂ ಇಷ್ಟಪಡದ ಸಾಮಾನು ತಂದಿಡುವುದರಲ್ಲಿ ಅರ್ಥವಿಲ್ಲ. ಭಯದಲ್ಲಿರುವ ಮಗು ಹೊಸ ರುಚಿಯನ್ನು ಬಾಯಿಗೂ ಇಟ್ಟುಕೊಳ್ಳುವುದಿಲ್ಲ.

ಇದೆಲ್ಲ ಸರ್ಕಾರಗಳಿಗೆ ಆಗದ ಕೆಲಸವೇನಲ್ಲ. ಸ್ವೀಡನ್ 2018ರಲ್ಲಿ ಸುಮಾರು 48 ಲಕ್ಷ ಮನೆಗಳಿಗೆ ಒಂದು ಕಿರುಪುಸ್ತಿಕೆ ಕಳಿಸಿತು. ಕಷ್ಟಕಾಲಕ್ಕೆ ಮನೆಯಲ್ಲಿ ಎಂಥ ಊಟ, ಎಷ್ಟು ನೀರು ಇರಬೇಕು ಅಂತ ಅದರಲ್ಲಿ ಹೆಸರು ಹಿಡಿದು ಬರೆದಿತ್ತು. 2024ರ ನವೆಂಬರ್‌ನಲ್ಲಿ ಅದನ್ನು ಪರಿಷ್ಕರಿಸಿ ಮತ್ತೆ ಮನೆಮನೆಗೆ ಕಳಿಸಿತು. ಕನಿಷ್ಠ 72 ಗಂಟೆಗೆ ಬೇಕಾದದ್ದು ಪ್ರತಿ ಮನೆಯಲ್ಲಿ ಇರಲಿ ಅಂತ ಐರೋಪ್ಯ ಒಕ್ಕೂಟ 2025ರ ಮಾರ್ಚ್‌ನಲ್ಲಿ ಹೇಳಿತು. ಮೂರು ದಿನ ಅನ್ನುವುದು ಕೂಡ ಕಡಿಮೆ ಲೆಕ್ಕವೇ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಬಂದಾಗ ಪೋರ್ಟೊ ರಿಕೊ ದ್ವೀಪಕ್ಕೆ ಪೂರ್ತಿ ಕರೆಂಟ್ ಹೋಯಿತು. ಎಲ್ಲ ಮನೆಗಳಿಗೂ ಅದು ಮರಳಿ ಬರಲು ಸುಮಾರು 11 ತಿಂಗಳು ಬೇಕಾಯಿತು. ಅಷ್ಟು ದಿನಕ್ಕೆ ಯಾವ ಮನೆಯೂ ಸಿದ್ಧವಾಗಿರಲು ಆಗುವುದಿಲ್ಲ. ಆದರೆ ನೆರವು ತಲುಪುವವರೆಗಿನ ಮೊದಲ ದಿನಗಳನ್ನು ದಾಟಿಸುವ ಶಕ್ತಿ ಮನೆಗಳಿಗೆ ಕೊಡಬಹುದು.

ನಾನು ಕೇಳಿದ ಪುಟವನ್ನು ಕಾಗದದಲ್ಲಿ ಅಚ್ಚು ಹಾಕಿಸಿ, ಫ್ರಿಜ್ ಬಾಗಿಲಿಗೆ ಅಂಟಿಸುವ ಹಾಗಿರಲಿ. ವಿದ್ಯುತ್ ಬಿಲ್ಲಿನ ಜೊತೆಗೇ ಕಳಿಸಿದರೆ ಹಂಚುವ ಖರ್ಚೂ ಉಳಿಯುತ್ತದೆ, ಎರಡೂ ಕಚೇರಿಗಳು ಕೂತು ಒಂದೇ ಮಾತು ಹೇಳಿದಂತೆಯೂ ಆಗುತ್ತದೆ. ಓದಲು ಬಾರದವರಿಗೆ ಚಿತ್ರಗಳಿರಲಿ. ಮುಂದಿನ ಬಿರುಗಾಳಿಯ ಕಾಲಕ್ಕೆ ಮುಂಚೆ ಇದು ಮನೆಗಳಿಗೆ ತಲುಪಬೇಕು. ಬರೆಯುವಾಗ ಅಡುಗೆ ಮಾಡುವವರನ್ನು, ಕೂಸುಗಳ ತಾಯಂದಿರನ್ನು, ಒಂಟಿಯಾಗಿರುವ ಹಿರಿಯರನ್ನು ಕರೆದು ಕೂರಿಸಿಕೊಂಡು ಕೇಳಿ. ಕರೆದರೆ ಬರಲು, ಮನೆಮನೆಗೆ ಹಂಚಲು ನಾವು ನೆರೆಹೊರೆಯವರು ತಯಾರಿದ್ದೇವೆ. ಈ ಕೆಲಸ ಯಾರು ಮಾಡುತ್ತಾರೆ, ಯಾವಾಗ ಮಾಡುತ್ತಾರೆ ಅನ್ನುವುದನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಗೌರವಪೂರ್ವಕವಾಗಿ,
ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ ಒಬ್ಬ ನಾಗರಿಕ